ನನ್ನ ‘ಸಿನ್ಸ್’ ಕೆಳಗೆ ಕೆಂಪು ಗೆರೆ ಎಳೆದವರಿಗೆ

ಶಿರಹಟ್ಟಿಯಿಂದ, ಮಧ್ಯಾಹ್ನದ ಚಹಾ ಮುಗಿಸಿ

ಕಂಪ್ಯೂಟರಿನ ಗಾಜಿನ ಹಿಂದೆ ಎಲ್ಲೋ ಕುಳಿತು ಜಗತ್ತಿನ ಇಂಗ್ಲೀಷನ್ನೆಲ್ಲ ಕಾಯುತ್ತಿರುವ ಮಾನ್ಯ ವ್ಯಾಕರಣ ತಿದ್ದುವ ಯಂತ್ರದವರೇ,

ತಮಗೆ ಸಾಷ್ಟಾಂಗ ನಮಸ್ಕಾರಗಳು. ಮೊಣಕಾಲಿನ ನೋವಿನ ದೆಸೆಯಿಂದ ಎಂಟು ಅಂಗಗಳಲ್ಲಿ ನಾಲ್ಕು ಮಾತ್ರ ಬಾಗುತ್ತವೆಯಾದ್ದರಿಂದ, ಉಳಿದ ನಾಲ್ಕೂ ಬಾಗಿದವೆಂದೇ ತಾವು ದೊಡ್ಡ ಮನಸ್ಸಿನಿಂದ ಭಾವಿಸಿಕೊಳ್ಳಬೇಕು. ತಮಗೆ ಮನೆ, ಮಕ್ಕಳು, ನೆಗಡಿ, ಬೇಸಿಗೆ ಇವು ಯಾವುವೂ ಇಲ್ಲವೆಂದು ಕೇಳಿ ಬಲ್ಲೆನಾದ್ದರಿಂದ ಕ್ಷೇಮಸಮಾಚಾರ ವಿಚಾರಿಸುವ ಶಾಸ್ತ್ರವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನನ್ನ ಹೆಸರು ಹುಚ್ಚೀರಪ್ಪ. ಈ ಹೆಸರು ತಮಗೆ ಮರೆತಿರಲಾರದು, ಏಕೆಂದರೆ ಹೋದ ತಿಂಗಳು ಅದನ್ನು ಕಂಡೊಡನೆ ತಾವು ‘ಹ್ಯಾಚರಿ ಎಂದು ಬರೆಯಲು ಹೊರಟಿದ್ದಿರಾ?’ ಎಂದು ಬಹಳ ವಿನಯದಿಂದ ಕೇಳಿದಿರಿ. ಹ್ಯಾಚರಿ ಎಂದರೆ ಮೊಟ್ಟೆಗೆ ಕಾವು ಕೊಟ್ಟು ಕೋಳಿಮರಿ ಮಾಡಿಸುವ ಜಾಗ. ಅರವತ್ತನಾಲ್ಕು ವರ್ಷ ಹುಚ್ಚೀರಪ್ಪನಾಗಿಯೇ ಬದುಕಿದ ನನಗೆ ಇಂಥದೊಂದು ಬೇರೆ ಮಾರ್ಗವೂ ಇತ್ತೆಂದು ತೋರಿಸಿಕೊಟ್ಟವರು ತಾವೇ ಮೊದಲಿಗರು. ಅದಕ್ಕಾಗಿ ಕೃತಜ್ಞ.

ನಾನು ಮೂಲದಲ್ಲಿ ಸಮಾಜ ವಿಜ್ಞಾನದ ಮಾಸ್ತರ. ನಮ್ಮ ಪ್ರೌಢಶಾಲೆಯ ಇಂಗ್ಲೀಷ್ ಮಾಸ್ತರರು ವರ್ಗವಾಗಿ ಹೋದ ವರ್ಷ ಮುಖ್ಯಾಧ್ಯಾಪಕರು ನನ್ನನ್ನು ಕರೆದು, “ಹೊಸಾವ್ರು ಬರೂತನಕ ಒಂದ ಹದಿನೈದ ದಿನ ಸಂಭಾಳಸ್ರಿ ಹುಚ್ಚೀರಪ್ಪನವರ” ಎಂದರು. ಆ ಹದಿನೈದು ದಿನ ಇಪ್ಪತ್ತೇಳು ವರ್ಷ ನಡೆಯಿತು. ನಿವೃತ್ತನಾದ ಮೇಲೂ ನಾಲ್ಕು ವರ್ಷದಿಂದ ನನ್ನ ಪಡಸಾಲೆಯಲ್ಲಿ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಿರುವೆನಾದ್ದರಿಂದ ಒಟ್ಟು ಮೂವತ್ತೊಂದು ವರ್ಷವಾಯಿತು. ಇಂಗ್ಲೀಷ್ ಗೊತ್ತಿಲ್ಲದ ಮನುಷ್ಯ ಇಂಗ್ಲೀಷ್ ಕಲಿಸಬೇಕಾದಾಗ ಧೈರ್ಯವೊಂದೇ ಪಠ್ಯಪುಸ್ತಕ. ನನಗೆ ಧೈರ್ಯ ಬಹಳವಿತ್ತು. ಮಕ್ಕಳಿಗೆ ನೆನಪಿರಲೆಂದು ನಾನೇ ಸೂತ್ರಗಳನ್ನು ಕಟ್ಟಿದೆ. ಅವುಗಳಲ್ಲಿ ಬಹಳ ಹೆಸರಾದದ್ದು ‘ಇಂದ ಬಂದಲ್ಲಿ ಸಿನ್ಸ್ ತಂದಿಡು’ ಎಂಬುದು. ಸೋಮವಾರದಿಂದ ಎಂದರೂ ಸಿನ್ಸ್, ಹತ್ತು ವರ್ಷದಿಂದ ಎಂದರೂ ಸಿನ್ಸ್. ಕನ್ನಡದಲ್ಲಿ ಎರಡಕ್ಕೂ ಒಂದೇ ‘ಇಂದ’ ಸಾಕಾಗುವಾಗ ಇಂಗ್ಲೀಷಿನವರಿಗೆ ಮಾತ್ರ ಸಾಲದೆ ಹೋಗುವುದೆಂದು ನನಗೆ ಹೇಗೆ ಹೊಳೆಯಬೇಕು? ನನ್ನ ಕೈಯಲ್ಲಿ ಕಲಿತ ಸಾವಿರಾರು ಮಕ್ಕಳು ಈ ಸೂತ್ರವನ್ನು ಮಗ್ಗಿಯ ಹಾಗೆ ಒದರಿ ಪಾಸಾಗಿದ್ದಾರೆ.

ಆ ಮಕ್ಕಳೇ ದೊಡ್ಡವರಾಗಿ, ಈ ವರ್ಷ ನನಗೆ ಸನ್ಮಾನ ಮಾಡುವುದೆಂದು ಠರಾಯಿಸಿ, ಆಮಂತ್ರಣ ಪತ್ರಿಕೆ ಇಂಗ್ಲೀಷಿನಲ್ಲೇ ಇರಬೇಕು, ಅದನ್ನು ಸರ್ ಅವರೇ ಬರೆಯಬೇಕು ಎಂದು ಹಟ ಹಿಡಿದರು. ನನ್ನನ್ನು ನಾನೇ ಹೊಗಳಿಕೊಳ್ಳುವ ಸಂಕೋಚವನ್ನು ಒಂದೇ ದಿನದಲ್ಲಿ ಗೆದ್ದು ಒಂಬತ್ತು ವಾಕ್ಯ ಬರೆದು, ಲಕ್ಷ್ಮೇಶ್ವರದ ಛಾಪಖಾನೆಗೆ ಒಯ್ದೆ. ಅಲ್ಲಿ ಅಕ್ಷರ ಜೋಡಿಸುವ ಫಕೀರೇಶನೂ ನನ್ನ ಹಳೆಯ ವಿದ್ಯಾರ್ಥಿಯೇ. ಅವನು ನನ್ನ ಒಂಬತ್ತು ವಾಕ್ಯಗಳನ್ನು ಕಂಪ್ಯೂಟರಿಗೆ ಇಳಿಸಿ ಮುಗಿಸುವುದಕ್ಕೂ ತಾವು ದರ್ಶನ ಕೊಡುವುದಕ್ಕೂ ಸರಿಹೋಯಿತು. ಒಂಬತ್ತು ವಾಕ್ಯಗಳ ಕೆಳಗೆ ಹದಿನೇಳು ಕೆಂಪು ಗೆರೆಗಳು.

ಮಾನ್ಯರೇ, ಮೂವತ್ತೊಂದು ವರ್ಷ ಕೆಂಪು ಶಾಯಿ ನನ್ನ ಜೇಬಿನಲ್ಲಿತ್ತು. ಅದು ನನ್ನ ಅಂಗಿಯ ಮೇಲೆ ಸೋರಿದ್ದುಂಟು. ನನ್ನ ಬರವಣಿಗೆಯ ಮೇಲೆ ಎಂದೂ ಬಿದ್ದಿರಲಿಲ್ಲ.

“ಏನ್ಲೇ ಇದು, ಗಾಯ ಆದಂಗ ಕಾಣಾಕತ್ತೇತಿ?” ಎಂದು ಫಕೀರೇಶನನ್ನು ಕೇಳಿದೆ.

ಅವನು ತಲೆ ಕೆಳಗೆ ಹಾಕಿ, “ಅದು ತಪ್ಪು ತೋರಸತೈತ್ರಿ ಸರ” ಎಂದ. ಆಮೇಲೆ ನನ್ನ ಮುಖ ನೋಡಿ, “ಮಷಿನ್ ಹೊಸಾದ್ರಿ, ಇನ್ನಾ ರೂಢಿ ಆಗಿಲ್ಲ” ಎಂದು ಸೇರಿಸಿದ.

ನನ್ನನ್ನು ಉತ್ತಮ ಶಿಕ್ಷಕರಲ್ಲಿ ಒಬ್ಬನೆಂದು ಬರೆದ ಕಡೆ ನಾನು ‘ಟೀಚರ್’ ಎಂದು ಏಕವಚನ ಹಾಕಿದ್ದೆ, ತಾವು ‘ಟೀಚರ್ಸ್’ ಆಗಬೇಕೆಂದಿರಿ. ಇರುವವನು ನಾನೊಬ್ಬ, ಬಹುವಚನ ಯಾಕೆಂದು ಕೇಳಿದರೆ, ಭಾಳ ಮಂದಿ ಒಳಗ ಒಬ್ಬರು ಅಂತರಿ ಎಂದು ಫಕೀರೇಶ ಮೆಲ್ಲಗೆ ಹೇಳಿದ. ಆ ಭಾಳ ಮಂದಿ ಯಾರೆಂದು ಇಂದಿಗೂ ನನಗೆ ತಿಳಿದಿಲ್ಲ. ನನಗೆ ಇಬ್ಬರು ಹೆಣ್ಣುಮಕ್ಕಳು ಎಂಬುದನ್ನು ‘ಹೀ ಈಸ್ ಹ್ಯಾವಿಂಗ್ ಟೂ ಡಾಟರ್ಸ್’ ಎಂದು ಬರೆದಿದ್ದೆ. ಹಾಗೆ ಬರೆದರೆ, ಅವನು ಇದೀಗ ಇಬ್ಬರು ಹೆಣ್ಣುಮಕ್ಕಳನ್ನು ಹೆರುತ್ತಿದ್ದಾನೆ ಅಥವಾ ತಿನ್ನುತ್ತಿದ್ದಾನೆ ಎಂಬ ಅರ್ಥವೂ ಹೊರಡಬಹುದೆಂದು ತಾವು ಪಕ್ಕದಲ್ಲಿ ಟಿಪ್ಪಣಿ ಬರೆದಿರಿ. ಇದನ್ನು ಓದಿ ಹೇಳುವಾಗ ಫಕೀರೇಶನ ಕಿವಿ ಕೆಂಪಾಯಿತು. ಅಲ್ಲಿ ಲಗ್ನಪತ್ರಿಕೆ ಮಾಡಿಸಲು ಬಂದು ಕುಳಿತಿದ್ದ ಇಬ್ಬರು ಬೀಗರು ನನ್ನ ಹೊಟ್ಟೆಯ ಕಡೆ ನೋಡಿದರು.

ಇವೆಲ್ಲವನ್ನೂ ನುಂಗಿಕೊಂಡೆ. ಆದರೆ ಮೊದಲನೆಯ ವಾಕ್ಯದಲ್ಲಿ, ನಾನು ಮೂವತ್ತೊಂದು ವರ್ಷದಿಂದ ಇಂಗ್ಲೀಷ್ ಕಲಿಸುತ್ತಿದ್ದೇನೆ ಎಂಬಲ್ಲಿ, ನನ್ನ ‘ಸಿನ್ಸ್’ ಕೆಳಗೆ ಗೆರೆ ಎಳೆದು, ಇಲ್ಲಿ ‘ಫಾರ್’ ಇರಬೇಕು ಎಂದಿರಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ. ಇದಕ್ಕೆ ಕಾರಣವಿದೆ.

ಮನೆಗೆ ಬಂದವನೇ ಅಟ್ಟದ ಮೇಲಿನ ದಪ್ಪ ವ್ಯಾಕರಣ ಪುಸ್ತಕ ಇಳಿಸಿದೆ. ಇಂಗ್ಲೀಷ್ ಕಲಿಸಲು ಒಪ್ಪಿಕೊಂಡ ದಿನ ಶಾಲೆಯಿಂದ ತಂದದ್ದು. ‘ಸಿನ್ಸ್’ ಪ್ರಕರಣದ ಎರಡು ಹಾಳೆಗಳು ಮುದ್ರಣದಲ್ಲೇ ಅಂಚು ಕತ್ತರಿಸದೆ ಒಂದಕ್ಕೊಂದು ಕೂಡಿಕೊಂಡಿದ್ದವು. ಅಂದರೆ ಅವುಗಳ ಒಳಗೆ ಏನಿದೆಯೆಂದು ಅಂದಿನಿಂದ ಇಂದಿನವರೆಗೆ ಯಾರೂ ನೋಡಿರಲಿಲ್ಲ. ನನ್ನ ಹೆಂಡತಿ ಸಿದ್ದಲಿಂಗವ್ವ ಬದನೆಕಾಯಿ ಹೆಚ್ಚುತ್ತಿದ್ದ ಚಾಕುವನ್ನು ಸೆರಗಿಗೆ ಒರೆಸಿ ಹಾಳೆ ಬಿಡಿಸಿಕೊಟ್ಟಳು. “ಇದರ ಮ್ಯಾಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದೆ ಇಷ್ಟ ವರ್ಷ. ನೀವು ಓದಾವ್ರದೀರಿ ಅಂತ ಗೊತ್ತಿದ್ರ ಸರಸ್ತಿದ್ದೆ” ಎಂದಳು.

ಒಳಗೆ ಸ್ಪಷ್ಟವಾಗಿ ಬರೆದಿತ್ತು. ಕೆಲಸ ಶುರುವಾದ ಗಳಿಗೆಯನ್ನು ಹೇಳುವಾಗ ಸಿನ್ಸ್, ಕಳೆದ ಅವಧಿಯನ್ನು ಹೇಳುವಾಗ ಫಾರ್. ಸೋಮವಾರದಿಂದ ಎಂದರೆ ಸಿನ್ಸ್, ಮೂರು ದಿನದಿಂದ ಎಂದರೆ ಫಾರ್. ತಾವು ಹೇಳಿದ್ದು ಖರೆ. ಇದಕ್ಕಿಂತ ದೊಡ್ಡ ಅಪರಾಧವನ್ನು ಒಂದು ಯಂತ್ರ ಒಬ್ಬ ಮಾಸ್ತರನಿಗೆ ಮಾಡಲಾರದು.

ಏಕೆಂದರೆ ಆ ಕ್ಷಣಕ್ಕೆ ನನಗೆ ಗಾಳೆಪ್ಪ ನೆನಪಾದ. ಇಪ್ಪತ್ನಾಲ್ಕು ವರ್ಷದ ಹಿಂದೆ, ಒಂಬತ್ತನೆಯ ಇಯತ್ತೆಯ ವಾರ್ಷಿಕ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯೊಂದಿತ್ತು. ನನ್ನ ಕಾಕಾ ಹತ್ತು ವರ್ಷದಿಂದ ಗದಗದಲ್ಲಿ ಇದ್ದಾನೆ ಎಂಬ ಅರ್ಥದ ವಾಕ್ಯ. ನನ್ನ ನೆನಪಿನ ಪ್ರಕಾರ ಇಡೀ ವರ್ಗ ಸಿನ್ಸ್ ಬರೆದರೆ ಗಾಳೆಪ್ಪ ಫಾರ್ ಬರೆದಿದ್ದ. ತಪ್ಪೆಂದು ಕೆಂಪು ಕಾಟು ಹೊಡೆದೆ. ಪಾಸಾಗಲು ಮೂವತ್ತೈದು ಬೇಕು, ಅವನಿಗೆ ಬಂದದ್ದು ಮೂವತ್ನಾಲ್ಕು. ಮುಖ್ಯಾಧ್ಯಾಪಕರು, “ಒಂದ ಮಾರ್ಕ್ಸ್ ಹಾಕ್ರಿ, ಹೋಗ್ಲಿ ಪಾಪ” ಎಂದರು. ವ್ಯಾಕರಣದಲ್ಲಿ ದಾಕ್ಷಿಣ್ಯವಿಲ್ಲ ಎಂದೆ. ಅಷ್ಟಕ್ಕೇ ಬಿಡದೆ, ಮುಂಜಾನೆಯ ಪ್ರಾರ್ಥನೆಯ ಹೊತ್ತಿಗೆ ಅವನ ಪೇಪರನ್ನು ಎತ್ತಿ ಹಿಡಿದು ಎಲ್ಲ ಮಕ್ಕಳಿಗೂ ತೋರಿಸಿ, ಸೂತ್ರ ಬಾಯಿಪಾಠ ಮಾಡದವರ ಗತಿ ನೋಡಿರಿ ಎಂದೆ. ಗಾಳೆಪ್ಪ ಆ ವರ್ಷವೇ ಶಾಲೆ ಬಿಟ್ಟ.

ಅವನು ಮುಂಡರಗಿಯ ಆಚೆ ಸಿಂಗಟಾಲೂರಿನಲ್ಲಿ ನೀರೆತ್ತುವ ಪಂಪುಗಳ ಮೋಟಾರು ರಿಪೇರಿ ಮಾಡುತ್ತಾನೆಂದು ಫಕೀರೇಶನಿಂದ ತಿಳಿಯಿತು. ಮರುದಿನ ಬೆಳಿಗ್ಗೆ ಮುಂಡರಗಿ ಬಸ್ಸು ಹಿಡಿದೆ. ಅಲ್ಲಿಂದ ಟಂಟಂ ಗಾಡಿಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ಸಿಂಗಟಾಲೂರು ಮುಟ್ಟಿದೆ. ಮಾನ್ಯರೇ, ತಾವು ಒಂದು ತಪ್ಪು ತಿದ್ದಲು ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯುವುದಿಲ್ಲ. ನಮಗೆ ಎರಡು ಗಾಡಿ ಬದಲಿಸಬೇಕಾಗುತ್ತದೆ.

ಗಾಳೆಪ್ಪ ತನ್ನ ಅಂಗಡಿಯ ಮುಂದೆ ಗೋಣಿತಟ್ಟಿನ ಮೇಲೆ ಕುಳಿತು ಮೋಟಾರಿನೊಳಗೆ ತಾಮ್ರದ ತಂತಿ ಸುತ್ತುತ್ತಿದ್ದ. ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡವನೇ ಎದ್ದು, “ಸರ್ರಾ! ಬರ್ರಿ ಬರ್ರಿ, ಕುಂಡ್ರಿ” ಎಂದು ಇದ್ದೊಂದೇ ಕುರ್ಚಿಯನ್ನು ಅಂಗಿಯಿಂದ ಒರೆಸಿದ. ನಾನು ಕುಳಿತುಕೊಳ್ಳದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವನ ಉತ್ತರ ಸರಿ ಇತ್ತು, ನನ್ನ ಕಾಟು ತಪ್ಪಿತ್ತು, ಆ ಒಂದು ಅಂಕ ಅವನದೇ, ಅವನು ಪಾಸಾಗಿದ್ದ, ನಾನು ಅವನ ಬಾಳು ಕೆಡಿಸಿದೆ.

ಗಾಳೆಪ್ಪ ತಂತಿಯನ್ನು ಕೆಳಗಿಟ್ಟು ನನ್ನನ್ನೇ ನೋಡಿದ. ಆಮೇಲೆ ಅವನಿಗೆ ನಗು ತಡೆಯಲಾಗಲಿಲ್ಲ.

“ಅದು ನನ್ನ ಉತ್ತರನ ಅಲ್ರಿ ಸರ! ಮುಂದ ಮುಮ್ತಾಜ ಕುಂತಿದ್ಲು. ಅಕಿ ಏನ್ ಬರದ್ಲೋ ಅದನ್ನ ನೋಡಿ ಬರದೆ. ನಾ ಸ್ವಂತ ಬರದಿದ್ರ ನೀವು ಕಲಿಸಿದಂಗ ಸಿನ್ಸ್ ಅಂತನ ಬರೀತಿದ್ದೆ, ಆರಾಮ ಪಾಸ್ ಆಗ್ತಿದ್ದೆ.”

ನಕಲು ತಡೆಯುವುದಕ್ಕೆಂದೇ ಆ ವರ್ಷ ಹುಡುಗರ ನಡುವೆ ಹುಡುಗಿಯರನ್ನು ಕೂಡಿಸಿದವನು ನಾನು. ಈಗ ನ್ಯಾಯ ಏನೆಂದು ನನಗೆ ತಿಳಿಯದಾಯಿತು. ಉತ್ತರ ಸರಿ, ಆದ್ದರಿಂದ ಒಂದು ಅಂಕ. ಉತ್ತರ ನಕಲು, ಆದ್ದರಿಂದ ಸೊನ್ನೆ. ನಕಲು ಮಾಡದಿದ್ದರೆ ತಪ್ಪು ಬರೆದು ಪಾಸಾಗುತ್ತಿದ್ದ. ತಮ್ಮಲ್ಲಿ ಇಂಥದಕ್ಕೆ ಯಾವ ಬಣ್ಣದ ಗೆರೆಯಿದೆ, ಮಾನ್ಯರೇ?

“ಹಂಗಾರ ಸಾಲಿ ಬಿಟ್ಟದ್ದಕ್ಕ ನಿನಗ ನನ್ನ ಮ್ಯಾಲೆ ಸಿಟ್ಟಿಲ್ಲ?” ಎಂದು ಕೇಳಿದೆ.

“ಸಾಲಿ ಬಿಟ್ಟದ್ದಕ್ಕ ಇಲ್ರಿ. ಮೋಟಾರ ಸುತ್ತೂದು ನನಗ ಭಾಳ ಸೇರತೈತಿ. ಆದ್ರ…” ಎಂದು ಅವನು ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ. “ಪೇಪರ ಎತ್ತಿ ಎಲ್ಲಾರಿಗೂ ತೋರಿಸಿದ್ರಲ್ಲ ಸರ. ನಮ್ಮ ತಂಗಿನೂ ಅಲ್ಲೇ ಸಾಲಿನ್ಯಾಗ ನಿಂತಿದ್ಲು. ಮನಿಗೆ ಹೋಗೂತನಕ ಅಕಿ ನನ್ನ ಜೋಡಿ ಮಾತಾಡಲಿಲ್ಲ. ಅದೊಂದು ನೆನಪ ಐತಿ.”

ಅವನ ಮನೆಯಲ್ಲಿ ಹೊಳೆಯ ಮೀನಿನ ಸಾರು ಮಾಡಿದ್ದರು. ನಾನು ತಿನ್ನುವುದಿಲ್ಲವೆಂದು ಗೊತ್ತಾಗಿ ಅವನ ಹೆಂಡತಿ ಸಾವಂತ್ರೆವ್ವ ಬೇರೆ ಒಲೆ ಹೂಡಿ ಕಡಲೆಹಿಟ್ಟಿನ ಝುಣಕ ಮಾಡಿ ಬಡಿಸಿದಳು. ಉಂಡೆ. ಏನು ಉಂಡೆನೆಂದು ನಾಲಿಗೆಗೆ ತಿಳಿಯಲಿಲ್ಲ.

ಮುಮ್ತಾಜ ಈಗ ಲಕ್ಷ್ಮೇಶ್ವರದ ಒಂದು ಶಾಲೆಯಲ್ಲಿ ಇಂಗ್ಲೀಷ್ ಶಿಕ್ಷಕಿ. ನನ್ನ ವಿದ್ಯಾರ್ಥಿನಿ ಇಂಗ್ಲೀಷ್ ಕಲಿಸುತ್ತಾಳೆಂದು ನಾನು ಹತ್ತು ಮಂದಿಯ ಮುಂದೆ ಹೇಳಿಕೊಂಡು ತಿರುಗಿದ್ದುಂಟು. ಮರುದಿನ ಅವಳ ಮನೆಗೆ ಹೋದೆ. ನನ್ನ ಪಾಪನಿವೇದನೆಯನ್ನು ಪೂರ್ತಿ ಕೇಳಿ, ಚಹಾದ ಕಪ್ಪನ್ನು ನನ್ನ ಕಡೆ ಸರಿಸಿ, “ನನಗೂ ಆ ಕಾಟು ನೆನಪೈತ್ರಿ ಸರ” ಎಂದಳು. ಆ ಒಂದು ಅಂಕದಿಂದ ಅವಳಿಗೆ ಮೊದಲನೆಯ ನಂಬರು ತಪ್ಪಿ ಎರಡನೆಯದು ಬಂದಿತ್ತಂತೆ. ನನಗೆ ಅದು ನೆನಪೇ ಇರಲಿಲ್ಲ.

“ಫಾರ್ ಅಂತ ನೀನು ಎಲ್ಲಿ ಕಲಿತಿದ್ದಿ ಆಗ?” ಎಂದೆ.

“ಲೈಬ್ರರಿ ಪುಸ್ತಕದಾಗ ಇತ್ರಿ. ನಿಮ್ಮ ಕೆಂಪ ಗೆರಿ ನೋಡಿ, ಪುಸ್ತಕದಾಗ ಪ್ರಿಂಟ್ ತಪ್ಪಾಗಿರಬೇಕು ಅಂತ ತಿಳಕೊಂಡೆ. ಮರುದಿನ ಹೋಗಿ, ಮುಂದ ಓದಾವ್ರಿಗೆ ತಪ್ಪಾಗಬಾರದು ಅಂತ, ಆ ಪುಸ್ತಕದಾಗ ಎಲ್ಲಾ ಕಡೆ ಫಾರ್ ಹೊಡದು ಸಿನ್ಸ್ ಬರದ ಬಂದೆ.”

ಚಹಾ ನನ್ನ ಧೋತರದ ಮೇಲೆ ಚೆಲ್ಲಿತು.

ಬಿ.ಎಡ್. ಓದುವಾಗ ಅವಳಿಗೆ ಸತ್ಯ ತಿಳಿಯಿತಂತೆ. ನೌಕರಿಗೆ ಸೇರಿದ ಹೊಸತರಲ್ಲಿ ಸರಿಯಾಗಿಯೇ ಕಲಿಸಿದಳು. ಒಂದು ವಾರದೊಳಗೆ ಮೂವರು ತಂದೆಯಂದಿರು ಶಾಲೆಗೆ ಬಂದು, ನಾವು ಹುಚ್ಚೀರಪ್ಪ ಸರ್ ಕೈಯಾಗ ಕಲಿತಾವ್ರು, ನೀವು ಮಕ್ಕಳಿಗೆ ತಪ್ಪು ಕಲಿಸಾಕತ್ತೀರಿ ಎಂದು ಜಗಳ ತೆಗೆದರು. “ಅವತ್ತಿನಿಂದ ಒಂದ ಹಾದಿ ಮಾಡೇನ್ರಿ. ಪರೀಕ್ಷಾದಾಗ ಫಾರ್ ಬರೀರಿ, ಊರಾಗ ಸಿನ್ಸ್ ಅನ್ರಿ ಅಂತ ಹುಡುಗೂರಿಗೆ ಹೇಳೇನಿ” ಎಂದಳು.

“ನನಗ ಒಂದ ಮಾತು ಹೇಳಬಾರದಾಗಿತ್ತ ತಂಗಿ?”

“ನೀವು ಎದುರು ಬಂದಾಗೆಲ್ಲಾ ಹೇಳಬೇಕು ಅನಸ್ತಿತ್ರಿ. ನೀವು ಬಂದಕೂಡ್ಲೆ ಇಕಿ ನನ್ನ ಮಗಳು, ಇಂಗ್ಲೀಷ್ ಟೀಚರ್ ಅಂತ ಎಲ್ಲಾರ ಮುಂದ ಅಂತಿದ್ರಿ. ಹ್ಯಾಂಗ್ ಹೇಳ್ಲಿ?”

ಸನ್ಮಾನದ ದಿನ ಬಂತು. ನಾನು ಬೇಡವೆಂದು ಎಷ್ಟು ಹೇಳಿದರೂ ಸಮಿತಿಯವರು ಕೇಳಲಿಲ್ಲ. ತಾವು ತಿದ್ದಿದ ಪ್ರತಿಯನ್ನೂ ಫಕೀರೇಶ ಅವರಿಗೆ ತೋರಿಸಿದ್ದ. ಸರ್ ಬರೆದದ್ದು ಬಿಟ್ಟು ಮಷಿನ್ ಬರೆದದ್ದು ಹಾಕಬೇಕೇನು ಎಂದು ಅವರು ಅವನಿಗೇ ಬೈದು, ನನ್ನ ವಾಕ್ಯವನ್ನು ಇದ್ದ ಹಾಗೆಯೇ ಆಳೆತ್ತರದ ಅಕ್ಷರಗಳಲ್ಲಿ ವೇದಿಕೆಯ ಹಿಂದೆ ತೂಗುಹಾಕಿದ್ದರು. ಶಿರಹಟ್ಟಿಯ ಮಂಗಲ ಕಾರ್ಯಾಲಯದಲ್ಲಿ ನಾಲ್ಕು ನೂರು ಮಂದಿ. ಅಂತೂರ ಬೆಂತೂರದಿಂದಲೂ ಒಂದು ಟ್ರ್ಯಾಕ್ಟರ್ ತುಂಬಿ ಬಂದಿದ್ದರು. ಶಾಲು ಹೊದಿಸಿ, ಪೇಟ ಸುತ್ತಿ, ಮೈಕು ಕೊಟ್ಟರು.

ನಾನು ಮೈಕಿನಲ್ಲಿ ಹೇಳಿದೆ. ನಾನು ನಿಮಗೆ ತಪ್ಪು ಕಲಿಸಿದೆ, ನನ್ನ ಬೆನ್ನ ಹಿಂದಿನ ವಾಕ್ಯವೇ ತಪ್ಪು, ಕ್ಷಮಿಸಿರಿ ಎಂದೆ. ಚಪ್ಪಾಳೆ ಬಿತ್ತು. ಇದು ವಿನಯದ ಮಾತಲ್ಲ, ಖರೆಯೇ ತಪ್ಪು ಎಂದೆ. ಚಪ್ಪಾಳೆ ಇನ್ನೂ ಜೋರಾಯಿತು. ಅಧ್ಯಕ್ಷರು ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಎಂಥಾ ದೊಡ್ಡ ಗುಣ ಎಂದು ಪಕ್ಕದವರಿಗೆ ಹೇಳಿದರು. ಹದಿನೇಳು ಗೆರೆಗಳಿದ್ದ ಹಾಳೆಯನ್ನು ಜೇಬಿನಿಂದ ತೆಗೆದು ಎರಡೂ ಕೈಯಿಂದ ಎತ್ತಿ ಹಿಡಿದು, ಇವೆಲ್ಲ ನನ್ನ ತಪ್ಪುಗಳು ನೋಡಿರಿ ಎಂದೆ. ಅದು ಯಾವುದೋ ಪ್ರಶಸ್ತಿಪತ್ರವೆಂದು ತಿಳಿದು ಫೋಟೋ ತೆಗೆದರು.

ಆಗ ಹಿಂದಿನ ಸಾಲಿನಿಂದ ಗಾಳೆಪ್ಪ ಎದ್ದು ನಿಂತ. ಅವನು ಬಂದಿದ್ದಾನೆಂದೇ ನನಗೆ ಗೊತ್ತಿರಲಿಲ್ಲ. ಗ್ರೀಸು ಹತ್ತಿದ ಅಂಗಿಯಲ್ಲೇ ಬಂದಿದ್ದ.

“ಏ, ಚಪ್ಪಾಳಿ ಬಂದ್ ಮಾಡ್ರಲೇ!” ಎಂದು ಕೂಗಿದ. “ಸರ್ ಖರೇನ ಹೇಳಾಕತ್ತಾರ. ಕೇಳ್ರಿ ಸ್ವಲ್ಪ.”

ಕಾರ್ಯಾಲಯ ಗಪ್ಪಾಯಿತು. ಮುಮ್ತಾಜ ಯಾರನ್ನೂ ಕೇಳದೆ ವೇದಿಕೆಗೆ ಬಂದು, ಊಟದ ಪದಾರ್ಥಗಳ ಹೆಸರು ಬರೆದಿಟ್ಟಿದ್ದ ಕರಿಹಲಗೆಯನ್ನು ಎತ್ತಿ ತಂದು, ಅದರ ಮೇಲಿದ್ದ ಗೋಧಿ ಹುಗ್ಗಿಯನ್ನೂ ಬದನೆಕಾಯಿ ಎಣ್ಣೆಗಾಯಿಯನ್ನೂ ಒರೆಸಿ, ಬಿಟ್ಟ ಸ್ಥಳದ ಒಂದು ವಾಕ್ಯ ಬರೆದಳು. ಇಲ್ಲಿ ಏನು ಬರುತ್ತದೆ ಎಂದು ಕೇಳಿದಳು. ನಾಲ್ಕು ನೂರು ಮಂದಿ, ಅವರಲ್ಲಿ ವಕೀಲರು, ಕಂಡಕ್ಟರುಗಳು, ಒಬ್ಬ ತಹಶೀಲ್ದಾರ ಕಚೇರಿಯ ಗುಮಾಸ್ತ, ಎಲ್ಲರೂ ಒಂದೇ ದನಿಯಲ್ಲಿ “ಸಿನ್ಸ್” ಎಂದರು. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಅಡಿಗೆಯವನೂ ಅಂದ.

ಮಾನ್ಯರೇ, ಆ ಒಂದು ಶಬ್ದ ನಾಲ್ಕು ನೂರು ಬಾಯಿಂದ ನನ್ನ ಮೇಲೆ ಬಂದು ಬಿದ್ದಾಗ ನನಗೆ ಏನಾಯಿತೆಂಬುದಕ್ಕೆ ತಮ್ಮ ಪದಕೋಶದಲ್ಲಿ ಮಾತಿರಲಾರದು. ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಕೆಳಗಿಳಿದು, ಮುಂದಿನ ಸಾಲಿನಲ್ಲಿ ಮಂದಿಯ ನಡುವೆ ಕುಳಿತೆ.

ಮುಮ್ತಾಜ ಮುಕ್ಕಾಲು ತಾಸು ಪಾಠ ಮಾಡಿದಳು. ಹುಗ್ಗಿ ಆರಿ ಗಟ್ಟಿಯಾಯಿತು. ಕೊನೆಗೆ, ಯಾರಾದರೂ ಒಬ್ಬರು ಬಂದು ತಮ್ಮ ಬಗ್ಗೆಯೇ ಒಂದು ವಾಕ್ಯ ಬರೆಯಿರಿ ಎಂದಳು. ಯಾರೂ ಏಳಲಿಲ್ಲ. ವಕೀಲರು ಶೂಗಳ ಲೇಸು ಕಟ್ಟಿಕೊಳ್ಳತೊಡಗಿದರು. ಗಾಳೆಪ್ಪ ನಡುವಿನ ಹಾದಿಯಲ್ಲಿ ನಡೆದುಬಂದು, ಬಳಪವನ್ನು ಸ್ಕ್ರೂಡ್ರೈವರಿನ ಹಾಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಬರೆದ: ‘ಐ ಹ್ಯಾವ್ ಬೀನ್ ವೈಂಡಿಂಗ್ ಮೋಟರ್ಸ್ ಫಾರ್ ಟ್ವೆಂಟಿ ತ್ರೀ ಇಯರ್ಸ್.’ ನಾನು ಇಪ್ಪತ್ಮೂರು ವರ್ಷದಿಂದ ಮೋಟಾರು ಸುತ್ತುತ್ತಿದ್ದೇನೆ ಎಂದರ್ಥ. ಒಂದು ಕಾಮಾ ಕೂಡ ಆಚೆ ಈಚೆ ಇರಲಿಲ್ಲ.

ಬರೆದು, ನನ್ನ ಕಡೆ ತಿರುಗಿ, “ಈ ಸಲ ಯಾರದೂ ನೋಡಿಲ್ರಿ ಸರ” ಎಂದ.

ಮುಮ್ತಾಜ ಬಳಪವನ್ನು ನನ್ನ ಕೈಗೆ ಕೊಟ್ಟಳು. ನಾನು ಎದ್ದು ಹೋಗಿ ಆ ವಾಕ್ಯದ ಪಕ್ಕದಲ್ಲಿ ಸರಿ ಗುರುತು ಹಾಕಿದೆ. ಮೂವತ್ತೊಂದು ವರ್ಷದಲ್ಲಿ ಎಷ್ಟು ಹಾಕಿದ್ದೆನೋ ಲೆಕ್ಕವಿಲ್ಲ, ಇದೊಂದು ಇಪ್ಪತ್ನಾಲ್ಕು ವರ್ಷ ತಡವಾಗಿತ್ತು. ಗಾಳೆಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ, “ಆತು, ಊಟಕ್ಕ ಏಳ್ರಿ ಇನ್ನ” ಎಂದು ಮೂಗು ಒರೆಸಿಕೊಂಡು ಹೊರಗೆ ನಡೆದ.

ಕತೆ ಇಲ್ಲಿಗೆ ಮುಗಿದಿದ್ದರೆ ತಮಗೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ, ಒಂದು ತೆಂಗಿನಕಾಯಿ ಒಡೆದು ಕೈ ಮುಗಿದುಬಿಡುತ್ತಿದ್ದೆ. ಆದರೆ ನನ್ನ ವಿದ್ಯಾರ್ಥಿಗಳು ಗುರುಭಕ್ತಿಯಲ್ಲಿ ಕಡಿಮೆಯಿಲ್ಲದವರು. ಸರ್ ಸಿನ್ಸ್ ತಪ್ಪು ಅಂದಾರ ಎಂಬ ಖಬರು ಮೂರೇ ದಿನದಲ್ಲಿ ಬೆಟಗೇರಿಯಿಂದ ಮುಂಡರಗಿಯವರೆಗೆ ಹಬ್ಬಿತು. ಬೇಕರಿಗಳ, ದರ್ಜಿ ಅಂಗಡಿಗಳ, ಕ್ಷೌರದಂಗಡಿಗಳ ಬೋರ್ಡಿನ ಮೂಲೆಯಲ್ಲಿ ‘ಸಿನ್ಸ್ 1987’ ಎಂದು ಇರುತ್ತದಲ್ಲ, ಅದು ಸಂಪೂರ್ಣ ಸರಿಯಾದ ಇಂಗ್ಲೀಷ್, ನಮ್ಮ ಭಾಗದಲ್ಲಿ ಉಳಿದಿದ್ದ ಒಂದೇ ಸರಿಯಾದ ಸಿನ್ಸ್. ಅದನ್ನೆಲ್ಲ ಬಣ್ಣ ಬಳಿದು ಅಳಿಸಿ ‘ಫಾರ್ 1987’ ಎಂದು ಬರೆಸಿದ್ದಾರೆ. ಒಂದು ಮಿಠಾಯಿ ಅಂಗಡಿಯವನು ನನ್ನನ್ನು ಕರೆದು ನಿಲ್ಲಿಸಿ ಬೋರ್ಡು ತೋರಿಸಿ, “ಈಗ ಬರೋಬ್ಬರಿ ಐತಿಲ್ರಿ ಸರ?” ಎಂದು ಪೇಢೆ ತಿನ್ನಿಸಿದ. ಬಾಯಿ ತುಂಬಿದ್ದರಿಂದ ನನಗೆ ಏನೂ ಹೇಳಲಾಗಲಿಲ್ಲ. ಇನ್ನೊಬ್ಬ ಮಹಾನುಭಾವ ತನ್ನ ಕಂಪ್ಯೂಟರಿನಲ್ಲಿದ್ದ ಅರ್ಜಿಗಳಲ್ಲೆಲ್ಲ ಸಿನ್ಸ್ ತೆಗೆದು ಫಾರ್ ಹಾಕೆಂದು ಒಂದೇ ಗುಂಡಿ ಒತ್ತಿದನಂತೆ. ‘ಸಿನ್ಸಿಯರ್ಲಿ’ ಎಂಬ ಪದದ ಹೊಟ್ಟೆಯಲ್ಲೂ ಸಿನ್ಸ್‌ನ ಐದು ಅಕ್ಷರಗಳಿರುವುದು ಅವನಿಗೆ ಹೊಳೆದಿಲ್ಲ. ಈಗ ಅವನ ಅರ್ಜಿಗಳೆಲ್ಲ ‘ಯುವರ್ಸ್ ಫಾರ್‌ರೆಲಿ’ ಎಂದು ಮುಗಿಯುತ್ತವೆ, ಅದಕ್ಕೆ ಉತ್ತರವೂ ಅದೇ ಒಕ್ಕಣೆಯಲ್ಲಿ ಬರುತ್ತಿದೆಯಂತೆ.

ಆದಕಾರಣ ತಮ್ಮಲ್ಲಿ ನನ್ನ ನಮ್ರ ಬೇಡಿಕೆಗಳು ಹೀಗಿವೆ. ತಾವು ಇಷ್ಟು ಜಾಣರಾಗಿ ಮೂವತ್ತೊಂದು ವರ್ಷ ತಡವಾಗಿ ಹುಟ್ಟಿದ್ದೇಕೆಂದು ವಿವರಣೆ ಕೊಡಬೇಕು. ಸಾಧ್ಯವಾದರೆ ಹಿಂದಕ್ಕೆ ಹೋಗಿ, ನಾನು ಇಂಗ್ಲೀಷ್ ಕಲಿಸಲು ನಿಂತ ಮೊದಲ ಸೋಮವಾರ ಎರಡನೆಯ ತಾಸಿಗೆ ಹುಟ್ಟಬೇಕು. ಅದು ಆಗದಿದ್ದರೆ ಖುದ್ದಾಗಿ ಬಂದು, ಏಣಿ ಹತ್ತಿ, ಗದಗ ಜಿಲ್ಲೆಯ ಬೋರ್ಡುಗಳನ್ನು ಮೊದಲಿನ ಹಾಗೆ ಬರೆಯಬೇಕು, ಏಣಿ ನಾನು ಹಿಡಿಯುತ್ತೇನೆ. ಗೆರೆ ಎಳೆಯುವ ಮುಂಚೆ ಒಮ್ಮೆ ಕೆಮ್ಮಬೇಕು, ಎಳೆದದ್ದನ್ನು ಎದುರು ಕುಳಿತ ಬೀಗರಿಗೆ ಕಾಣದ ಹಾಗೆ ಎಳೆಯಬೇಕು. ಕೆಂಪಿನ ಬದಲು ತಿಳಿಯಾದ ಅರಿಷಿಣ ಬಣ್ಣ ಬಳಸಲಾದೀತೇ ಎಂದು ಯೋಚಿಸಬೇಕು. ಮುಖ್ಯವಾಗಿ, ಒಂದು ಸಲವಾದರೂ ತಾವು ತಪ್ಪು ಮಾಡಿ, ಆ ತಪ್ಪನ್ನು ಹುಡುಕಿಕೊಂಡು ಎರಡು ಗಾಡಿ ಬದಲಿಸಿ ಹೋಗಿ, ಅದರ ಮನೆಯಲ್ಲಿ ಝುಣಕ ಉಂಡು ಬರಬೇಕು. ಆಗ ತಮ್ಮ ವ್ಯಾಕರಣಕ್ಕೆ ಬರುವ ಪರಿಪಾಕವನ್ನು ನೋಡಲು ನಾನು ಕಾದಿದ್ದೇನೆ.

ನನ್ನ ಸುದ್ದಿ ಹೇಳಬೇಕೆಂದರೆ, ರವಿವಾರಕ್ಕೊಮ್ಮೆ ಮುಮ್ತಾಜಳ ಬಳಿ ಹೋಗಿ ಹತ್ತು ವಾಕ್ಯ ತಿದ್ದಿಸಿಕೊಂಡು ಬರುತ್ತೇನೆ. ಹೋದ ವಾರ ಹತ್ತಕ್ಕೆ ಆರು ಬಂತು. ಏಳನೆಯದನ್ನು ಸ್ವಲ್ಪ ನೋಡವ್ವಾ ಎಂದು ಕೇಳಿಕೊಂಡೆ, ಅವಳು ಮಣಿಯಲಿಲ್ಲ. ನನಗೆ ಅಭಿಮಾನವೆನಿಸಿತು. ಪಡಸಾಲೆಯ ಪಾಠ ನಿಲ್ಲಿಸಬೇಕೆ ಎಂದು ಸಿದ್ದಲಿಂಗವ್ವನನ್ನು ಕೇಳಿದರೆ, “ಹುಡುಗೂರು ಬಂದು ಕುಂತಾವ. ಗೊತ್ತಿದ್ದಷ್ಟ ಹೇಳ್ರಿ, ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ರಿ” ಎಂದಳು. ಎರಡನೆಯದನ್ನು ಅಭ್ಯಾಸ ಮಾಡುತ್ತಿದ್ದೇನೆ. ಬಾಯಿಗೆ ಇನ್ನೂ ಹೊಂದಿಕೆಯಾಗಿಲ್ಲ.

ಇಷ್ಟನ್ನೂ ಕನ್ನಡದಲ್ಲಿ ಬರೆದಿರುವ, ಅಂದಮೇಲೆ ತಮ್ಮ ಕೈಗೆ ಸದ್ಯಕ್ಕೆ ಸಿಗದಿರುವ,

ತಮ್ಮ ವಿಶ್ವಾಸಿ,
ಹುಚ್ಚೀರಪ್ಪ (ಹ್ಯಾಚರಿ ಅಲ್ಲ)

ತಾ.ಕ.: ಇದಕ್ಕೆ ಮೊದಲು ನಾಲ್ಕು ಸಾಲಿನ ಸಣ್ಣದೊಂದು ದೂರನ್ನು ಫಕೀರೇಶ ತಮ್ಮ ಕಂಪನಿಗೆ ಕಳಿಸಿದ್ದ. ಅದಕ್ಕೆ ತಮ್ಮ ಕಚೇರಿಯಿಂದ ನಿನ್ನೆ ಉತ್ತರ ಬಂತು. ಅದರ ಕೊನೆಯಲ್ಲಿ ‘ಕೈಂಡ್ಲಿ ರಿವರ್ಟ್ ಬ್ಯಾಕ್’ ಎಂದಿದೆ. ರಿವರ್ಟ್ ಎಂದರೇನೇ ಹಿಂದಿರುಗುವುದು, ಅದರ ಮುಂದೆ ಮತ್ತೆ ಬ್ಯಾಕ್ ಸೇರಿಸಿದರೆ ಹಿಂದಕ್ಕೆ ಹಿಂದಿರುಗಿರಿ ಎಂದಾಗುತ್ತದೆಂದು ಮುಮ್ತಾಜ ಟೀಚರ್ ಹೇಳಿದ್ದಾರೆ. ಪತ್ರವನ್ನು ತಿದ್ದಿ, ಹತ್ತಕ್ಕೆ ನಾಲ್ಕು ಅಂಕ ಕೊಟ್ಟು, ರಜಿಸ್ಟರ್ ಅಂಚೆಯಲ್ಲಿ ಮರಳಿಸಿದ್ದೇನೆ. ಇಪ್ಪತ್ತು ಸಲ ಸರಿಯಾಗಿ ಬರೆದು, ಪಾಲಕರ ಸಹಿ ಹಾಕಿಸಿಕೊಂಡು ಸೋಮವಾರ ತರತಕ್ಕದ್ದು.